ಹಿತ್ತಲ ಹಗ್ಗಕ್ಕೆ ಬಂದ ಸೂರಕ್ಕಿ

ಮೂರು ದಿನ ನಾನು ಹಿಂದಿನ ಮನೆಯವರ ನೀರಿನ ಮೋಟರಿಗೆ ಬೈದುಕೊಂಡೆ. ಮಾರ್ಚ್ ತಿಂಗಳ ಮೊದಲ ವಾರ. ಬೆಳಗ್ಗೆ ಬಿಸಿಲು ಸ್ವಲ್ಪ ಏರಿದರೆ ಸಾಕು, ಟುಕ್ ಟುಕ್ ಟುಕ್ ಅಂತ ಒಂದೇ ಸಮನೆ ಬಡಿತ. ನಿಲ್ಲುತ್ತದೆ, ಮತ್ತೆ ಶುರು. ಬೇರಿಂಗ್ ಹೋಗಿದೆ, ರಿಪೇರಿ ಮಾಡಿಸಬಾರದಾ ಅಂತ ಗೊಣಗಿದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಕಪ್ಪು ಕನ್ನಡಕ. "ಮೋಟ್ರೂ ಅಲ್ಲ ಏನೂ ಅಲ್ಲ ಕಣಮ್ಮ, ಅದು ಹಕ್ಕಿ. ನಮ್ಮೂರಲ್ಲಿ ಅರಳಿಮರದ ತುದೀಲಿ ಕೂತು ದಿನವಿಡೀ ಹಿಂಗೇ ಬಡೀತಿತ್ತು" ಅಂದರು.

ಆಗ ನಾನು ಹಕ್ಕಿ ನೋಡುವ ಹುಚ್ಚು ಹತ್ತಿಸಿಕೊಂಡು ಎರಡು ವರ್ಷವಾಗಿತ್ತು. ಭಾನುವಾರ ಬಂದರೆ ಕ್ಯಾಮೆರಾ ಹೊತ್ತುಕೊಂಡು ಗುಂಪಿನ ಜೊತೆ ಕೆರೆ ಕೆರೆ ಸುತ್ತುತ್ತಿದ್ದೆ. ನನ್ನ ಪಟ್ಟಿಯಲ್ಲಿ ನೂರಾ ನಲವತ್ತು ಹಕ್ಕಿಗಳಿದ್ದವು. ಅದರಲ್ಲಿ ಈ ಟುಕ್ ಟುಕ್ ಹಕ್ಕಿ, ಕಂಚುಕುಟಿಗವೂ ಇತ್ತು. ಒಂದು ಒಳ್ಳೆಯ ಫೋಟೋ ಕೂಡ ಇತ್ತು. ಆದರೆ ಅದು ಕೂಗಿದರೆ ನನಗೆ ಮೋಟರ್!

ಬೈನಾಕ್ಯುಲರ್ ತಂದು ಹುಡುಕಿದೆ. ಎದುರು ಮನೆಯ ಸಿಲ್ವರ್ ಓಕ್ ಮರದ ಒಣಗಿದ ತುದಿಯಲ್ಲಿ ಮುಷ್ಟಿಗಾತ್ರದ ಹಸಿರು ಹಕ್ಕಿ. ಹಣೆಯ ಮೇಲೆ ಕುಂಕುಮ ಇಟ್ಟ ಹಾಗೆ ಕೆಂಪು, ಕುತ್ತಿಗೆ ಹಳದಿ. ಒಂದೊಂದು ಟುಕ್‌ಗೂ ತಲೆ ಆಡಿಸುತ್ತಿತ್ತು. ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ. ಅದಕ್ಕೇ ಸದ್ದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವುದಿಲ್ಲ. ಕೂಗುವಾಗ ಕೊಕ್ಕು ತೆರೆಯುವುದೇ ಇಲ್ಲ, ಗಂಟಲು ಮಾತ್ರ ಉಬ್ಬಿ ಇಳಿಯುತ್ತದೆ. ಅಷ್ಟು ಹೊತ್ತು ಒಂದೇ ಹಕ್ಕಿಯನ್ನು ನಾನು ಯಾವತ್ತೂ ನೋಡಿರಲಿಲ್ಲ. ಫೋಟೋ ಸಿಕ್ಕಿತು ಅಂದರೆ ಮುಂದಿನ ಮರಕ್ಕೆ ಹೋಗುವುದೇ ನಮ್ಮ ಗುಂಪಿನ ಅಭ್ಯಾಸ.

ಆ ಬೇಸಿಗೆಯಲ್ಲಿ ನಾನು ಮನೆಯಲ್ಲೇ ಉಳಿದದ್ದು ಅತ್ತೆಯಿಂದಾಗಿ. ಫೆಬ್ರವರಿ ಕೊನೆಗೆ ಅವರ ಒಂದು ಕಣ್ಣಿಗೆ ಪೊರೆಯ ಆಪರೇಷನ್ ಆಯಿತು. ಇನ್ನೊಂದಕ್ಕೆ ತಿಂಗಳ ನಂತರ. ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕು, ಬೆಳಗಿನ ಮೊದಲ ಸರದಿ ನನ್ನದು. ಕೆರೆ ಸುತ್ತಾಟ ನಿಂತಿತು. ಟಿವಿ ನೋಡುವ ಹಾಗಿಲ್ಲ, ಓದುವ ಹಾಗಿಲ್ಲ. ಅವರಿಗೂ ಬೇಜಾರು, ನನಗೂ ಬೇಜಾರು. ಬೆಳಗ್ಗೆ ಐದೂವರೆಗೆ ಇಬ್ಬರೂ ಕಾಫಿ ಹಿಡಿದು ಹಿತ್ತಲಲ್ಲಿ ಕೂರುವುದು ಶುರುವಾಯಿತು.

ಹಿತ್ತಲು ಅಂದರೆ ತೋಟ ಅಂತ ಅಂದುಕೊಳ್ಳಬೇಡಿ. ಮೈಸೂರಿನ ಲಿಂಗಾಂಬುಧಿ ಕೆರೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ನಮ್ಮ ಮನೆ. ಮೂವತ್ತು ನಲವತ್ತರ ಸೈಟು. ಹಿಂದೆ ಎಂಟು ಅಡಿ ಜಾಗ. ಅದರಲ್ಲಿ ಒಂದು ಕರಿಬೇವು, ಒಂದು ಸೀಬೆ, ಎರಡು ದಾಸವಾಳ, ಬಟ್ಟೆ ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ಹಗ್ಗ. ಕಾಂಪೌಂಡಿನ ಆಚೆ ಖಾಲಿ ಸೈಟು, ಅಲ್ಲಿ ಎಕ್ಕ, ಲಂಟಾನ. ಮುಂದೆ ಗೇಟಿನ ಹತ್ತಿರ ತಾನಾಗೇ ಹುಟ್ಟಿದ ಗಸಗಸೆ ಹಣ್ಣಿನ ಮರ. ಈ ಮರದ ಬಗ್ಗೆ ನಮ್ಮ ಬೀದಿಯಲ್ಲಿ ಯಾರಿಗೂ ಒಳ್ಳೆಯ ಅಭಿಪ್ರಾಯ ಇಲ್ಲ, ಹಣ್ಣು ಬಿದ್ದು ಕಾರು ಗಲೀಜಾಗುತ್ತದೆ. ನಾನಂತೂ ಕಡಿಯಲು ಬಿಡುವುದಿಲ್ಲ. ಒಂದು ಬೆಳಗ್ಗೆ ಅದೊಂದೇ ಮರದಲ್ಲಿ ಪಿಕಳಾರ, ಕುಟ್ರು, ಹೆಣ್ಣು ಕೋಗಿಲೆ, ಬದನಿಕೆ ಹಕ್ಕಿ ಎಲ್ಲ ಒಟ್ಟಿಗೆ ಕಂಡಿವೆ. ಬದನಿಕೆ ಹಕ್ಕಿ ಹೆಬ್ಬೆರಳಿನಷ್ಟಿರುತ್ತದೆ. ಮಾವಿನ ಮರಕ್ಕೆ ಬದನಿಕೆ ಹತ್ತಿಕೊಳ್ಳುವುದು ಇದರಿಂದಲೇ. ಅಂಟಂಟಾದ ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ.

ಅತ್ತೆ ಮದ್ದೂರು ಕಡೆಯ ಹಳ್ಳಿಯವರು. ಅವರಿಗೆ ಹಕ್ಕಿಗಳ ಬಗ್ಗೆ ಆಸಕ್ತಿ ಅಂತ ಏನೂ ಇಲ್ಲ. ಗೊತ್ತು, ಅಷ್ಟೇ. ಕಣ್ಣು ಮುಚ್ಚಿ ಕೂತಿದ್ದರೂ "ಕೆಂಬೂತ ಬಂತು ನೋಡು, ಬೇಲಿ ಒಳಗದೆ" ಅನ್ನುತ್ತಿದ್ದರು. ಬಾವಿಯೊಳಗಿಂದ ಬಂದ ಹಾಗೆ ಊಪ್ ಊಪ್ ಅಂತ ಕೇಳುವ ದನಿ ಅದು. ನವಿಲು ನೋಡಿ ಕೆಂಬೂತ ಕುಣಿಯಿತು ಅಂತ ಗಾದೆ ಹೇಳುತ್ತೇವಲ್ಲ, ಪಾಪ, ಅದು ಕುಣಿದದ್ದನ್ನು ನಾನಂತೂ ನೋಡಿಲ್ಲ. ಸುಮ್ನೆ ಬೇಲಿ ಬುಡದಲ್ಲಿ ಪೊಲೀಸಪ್ಪನ ಹಾಗೆ ಓಡಾಡಿಕೊಂಡು ಓತಿಕ್ಯಾತ ಹಿಡಿಯುತ್ತದೆ. ಸಂಜೆ ಹಾಲಕ್ಕಿ ಕಿರುಚಿದರೆ ಮಾತ್ರ ಅತ್ತೆ ಮಾತು ನಿಲ್ಲಿಸುತ್ತಾರೆ. ಬುಡಬುಡಿಕೆಯವರ ಶಕುನ ಇನ್ನೂ ಅವರ ತಲೆಯಲ್ಲಿದೆ.

ಹೀಗೆ ಕೂತು ಕೂತು ನನಗೆ ಬೆಳಗಿನ ಸರದಿ ಬಾಯಿಪಾಠವಾಯಿತು. ಇನ್ನೂ ಕತ್ತಲಿರುವಾಗಲೇ ಕೋಗಿಲೆ. ಅದು ಮುಗಿಯುವ ಮೊದಲೇ ಮಡಿವಾಳ ಹಕ್ಕಿ. ನೀರಿನ ಟ್ಯಾಂಕಿನ ಮೇಲೋ ಕೇಬಲ್ ತಂತಿಯ ಮೇಲೋ ಕೂತು, ಬಾಲ ಎತ್ತಿ, ಅರ್ಧ ಗಂಟೆ ಬಿಡದೆ ಹಾಡುತ್ತದೆ. ಚಳಿಗಾಲದಲ್ಲಿ ಇದೇ ಹಕ್ಕಿ ಚರ್ರ್ ಅಂತ ಬೈಯುವುದು ಬಿಟ್ಟರೆ ಬಾಯಿ ಬಿಡುವುದಿಲ್ಲ. ಬೆಳಕು ಹರಿಯುತ್ತಿದ್ದಂತೆ ಟುವ್ವಿ. ಈ ಹಕ್ಕಿ ಕಾಣಲು ಇಷ್ಟೇ ಇಷ್ಟು, ದನಿ ಮಾತ್ರ ಬೀದಿಗೆಲ್ಲ ಕೇಳಬೇಕು. ಆಮೇಲೆ ಪಿಕಳಾರ, ಬಿಸಿಲು ಬಿದ್ದ ಮೇಲೆ ಹೂವಿನ ರಸ ಹೀರುವ ಪುಟ್ಟ ಸೂರಕ್ಕಿ. ಎಂಟರ ಹೊತ್ತಿಗೆ ಹರಟೆಮಲ್ಲಗಳ ಗುಂಪು ಬಂದು ಎಲೆ ಕೆದಕುತ್ತಾ ಜಗಳ ಆಡಿಕೊಂಡು ಹೋದರೆ ಬೆಳಗಿನ ಕಚೇರಿ ಮುಗಿಯಿತು.

ಬೇಸಿಗೆ ಶುರುವಾಗುವ ಈ ಒಂದೂವರೆ ತಿಂಗಳು ಕಲಿಯುವವರಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲ ಅಂತ ನನ್ನ ಲೆಕ್ಕ. ಅನುಭವಿಗಳು ಚಳಿಗಾಲ ಅನ್ನುತ್ತಾರೆ. ವಲಸೆ ಹಕ್ಕಿ ಜಾಸ್ತಿ, ಪಟ್ಟಿ ಬೆಳೆಯುತ್ತದೆ, ನಿಜ. ಆದರೆ ಮಾರ್ಚ್, ಏಪ್ರಿಲ್‌ನಲ್ಲಿ ಮನೆ ಹತ್ತಿರದ ಹಕ್ಕಿಗಳಿಗೆ ಗೂಡು ಕಟ್ಟುವ ಕಾಲ. ಹಾಡುತ್ತವೆ, ಜಗಳವಾಡುತ್ತವೆ, ಬಾಯಲ್ಲಿ ನಾರು ಕಚ್ಚಿಕೊಂಡು ಒಂದೇ ದಾರಿಯಲ್ಲಿ ನೂರು ಸಲ ಓಡಾಡುತ್ತವೆ. ಮರಗಳಲ್ಲಿ ಎಲೆ ಕಡಿಮೆ. ಬೇಡ ಅಂದರೂ ಕಾಣಿಸುತ್ತವೆ.

ದನಿ ಗುರುತಿಸುವ ಆ್ಯಪ್ ಫೋನಿನಲ್ಲಿದೆ, ಅದನ್ನೂ ಇಟ್ಟುಕೊಂಡು ಕೂತೆ. ಉಪಯೋಗ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದಕ್ಕೂ ಅದು ಒಂದು ಹಕ್ಕಿ ಹೆಸರು ತೋರಿಸಿದ ದಿನ ಅತ್ತೆ ಎಷ್ಟು ನಕ್ಕರು ಅಂದರೆ, ಕಣ್ಣಿಗೆ ಹಾಕಿದ ಡ್ರಾಪ್ಸ್ ಎಲ್ಲ ಆಚೆ ಬಂತು. ಈಗ ನಾನು ಮೊದಲು ಊಹೆ ಮಾಡುತ್ತೇನೆ, ಆಮೇಲೆ ಫೋನ್ ನೋಡುತ್ತೇನೆ. ಈ ಕ್ರಮ ತಿರುಗಿಸಿದರೆ ಏನೂ ತಲೆಯಲ್ಲಿ ಉಳಿಯುವುದಿಲ್ಲ.

ಬೈನಾಕ್ಯುಲರ್ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನದು 8×42. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಮೊದಲು 10×50 ಕೊಂಡಿದ್ದೆ. ಹೆಚ್ಚು ಹತ್ತಿರ ತೋರಿಸಿದರೆ ಒಳ್ಳೆಯದಲ್ವಾ ಅಂತ. ಭಾರಕ್ಕೆ ಕೈ ನಡುಗುತ್ತಿತ್ತು, ಹಿತ್ತಲ ಸೂರಕ್ಕಿ ಚೌಕಟ್ಟಿನೊಳಗೆ ಸಿಗುತ್ತಲೇ ಇರಲಿಲ್ಲ. ಬಲಗಣ್ಣಿನ ಕಡೆ ಒಂದು ಸಣ್ಣ ತಿರುಗಣೆ ಇರುತ್ತದೆ. ಎಡಗಣ್ಣಿಗೆ ಮಧ್ಯದ ಚಕ್ರದಿಂದ ಸರಿಮಾಡಿಕೊಂಡು, ಬಲಗಣ್ಣಿಗೆ ಈ ತಿರುಗಣೆಯಿಂದ ಸರಿಮಾಡಿಕೊಳ್ಳಬೇಕು. ಇದು ಗೊತ್ತಿಲ್ಲದೆ ನಾನು ಒಂದು ವರ್ಷ ತಲೆನೋವು ಅನುಭವಿಸಿದೆ. ಮತ್ತೆ, ಹಕ್ಕಿ ಕಂಡರೆ ಕಣ್ಣು ಕೆಳಗಿಳಿಸಿ ಬೈನಾಕ್ಯುಲರ್ ಹುಡುಕಬೇಡಿ. ನೋಟ ಹಕ್ಕಿಯ ಮೇಲೇ ಇರಲಿ, ಬೈನಾಕ್ಯುಲರ್ ಕಣ್ಣಿಗೆ ಬರಲಿ.

ನೀರಿಗೆ ಒಂದು ಮಣ್ಣಿನ ಅಗಲ ಬಟ್ಟಲು ಇಟ್ಟಿದ್ದೇನೆ. ಎರಡು ಇಂಚಿಗಿಂತ ಆಳ ಬೇಡ, ಮಧ್ಯೆ ಒಂದು ಕಲ್ಲು ಇರಲಿ. ದಿನಾ ನೀರು ಚೆಲ್ಲಿ ಉಜ್ಜಿ ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ. ಮೊದಲ ಹತ್ತು ದಿನ ಯಾರೂ ಬರಲಿಲ್ಲ. ಗಿಡದ ಬುಡದಲ್ಲಿ ಇಟ್ಟಿದ್ದೆ, ಅಲ್ಲಿ ಬೆಕ್ಕು ಹೊಂಚು ಹಾಕಲು ಜಾಗ ಇತ್ತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸುತ್ತ ಬಯಲಾಗಿರುವ ಕಡೆ ಇಟ್ಟ ಮೇಲೆ ಮಧ್ಯಾಹ್ನ ಎರಡು ಗಂಟೆಗೆ ಪಿಕಳಾರಗಳು ಸಾಲುಗಟ್ಟಿದವು. ಅನ್ನ, ಅಕ್ಕಿ ಹಾಕುವುದನ್ನು ಬಿಟ್ಟೆ. ಪಾರಿವಾಳ ಬಂದು ಜಾಂಡಾ ಊರುತ್ತವೆ, ಬೇರೆ ಹಕ್ಕಿ ಹತ್ತಿರ ಸುಳಿಯುವುದಿಲ್ಲ.

ಈಗ ನನ್ನ ತಪ್ಪಿನ ಕತೆ ಹೇಳಬೇಕು.

ಮಾರ್ಚ್ ಮೂರನೇ ವಾರ ಕೆಂಪು ದಾಸವಾಳದ ತುದಿಯಲ್ಲಿ ಏನೋ ಕಸ ಜೋತಾಡುತ್ತಿತ್ತು. ಜೇಡರ ಬಲೆಗೆ ಸಿಕ್ಕ ಒಣ ಎಲೆ ಅಂತ ಪೊರಕೆ ಎತ್ತಿಕೊಂಡಿದ್ದೆ. ಅಷ್ಟರಲ್ಲಿ ಹೆಣ್ಣು ಸೂರಕ್ಕಿ ಬಂದು ಅದಕ್ಕೇ ತಗುಲಿಕೊಂಡಿತು. ಕೊಕ್ಕಿನಲ್ಲಿ ಬಿಳಿ ಎಳೆ, ಜೇಡರ ಬಲೆಯದು. ಅದನ್ನು ಸುತ್ತಿತು, ಒಳಗೆ ನುಗ್ಗಿ ಎದೆಯಿಂದ ಒತ್ತಿತು, ಹೋಯಿತು. ಎರಡು ನಿಮಿಷಕ್ಕೆ ಮತ್ತೆ ಬಂತು. ತೊಗಟೆ ಚೂರು, ಕಲ್ಲುಹೂವಿನ ಚೂರು ಎಲ್ಲ ಹೊರಗಡೆ ಅಂಟಿಸುತ್ತದೆ. ಅದಕ್ಕೇ ಕಸದ ಹಾಗೆ ಕಾಣುವುದು. ಗೂಡಿನ ಬಾಗಿಲು ಪಕ್ಕದಲ್ಲಿ, ಅದರ ಮೇಲೆ ಪುಟ್ಟ ಸಜ್ಜಾ. ಒಳಗೆ ಮೆತ್ತಗಿರಲು ಆಚೆ ಸೈಟಿನ ಎಕ್ಕದ ಕಾಯಿ ಬಿರಿದು ಬಂದ ಹತ್ತಿ. ಗಂಡಿಗೆ ನೆತ್ತಿಯ ಮೇಲೆ ಮಿರಮಿರ ಹಸಿರು, ಹೊಟ್ಟೆ ಹಳದಿ, ನೋಡಲು ಮದುಮಗ. ಕೆಲಸ ಮಾತ್ರ ಒಂದೂ ಮಾಡಲಿಲ್ಲ. ಜೊತೆಗೆ ಬಂದು ಪಕ್ಕದ ಕೊಂಬೆಯಲ್ಲಿ ಕೂತು ಟ್ಸಿಟ್ ಟ್ಸಿಟ್ ಅಂತಿತ್ತು. ಇದನ್ನು ಹೇಳಿದರೆ ಅತ್ತೆ, "ಗೊತ್ತಿರೋ ವಿಷಯಾನೇ ಬಿಡು" ಅಂದರು. ನಮ್ಮ ಯಜಮಾನರು ಪೇಪರ್ ಇಳಿಸಲಿಲ್ಲ.

ಎರಡು ಮೊಟ್ಟೆ ಇಟ್ಟಿತು. ಮರಿ ಆಯಿತು. ಗೂಡಿನ ಬಾಯಿಗೆ ಒಂದು ದಾಸವಾಳದ ರೆಂಬೆ ಅಡ್ಡ ಇತ್ತು. ಫೋಟೋದಲ್ಲಿ ಯಾವಾಗ ನೋಡಿದರೂ ಎಲೆ ಅಡ್ಡ. ಒಂದು ಬೆಳಗ್ಗೆ ನಾನು ಹೂವಿನ ದಾರದಿಂದ ಆ ರೆಂಬೆಯನ್ನು ಪಕ್ಕಕ್ಕೆ ಎಳೆದು ಕಟ್ಟಿದೆ. ಕತ್ತರಿಸಲಿಲ್ಲವಲ್ಲ, ಆಮೇಲೆ ಬಿಚ್ಚಿದರಾಯಿತು ಅಂತ. ತಾಯಿ ಮರಿಗೆ ಹುಳ ಕೊಡುವ ಚಂದದ ಫೋಟೋ ಸಿಕ್ಕಿತು. ಅಡುಗೆಮನೆ ಕೆಲಸಕ್ಕೆ ಹೋದವಳು ದಾರ ಮರೆತೆ. ಹನ್ನೊಂದು ಗಂಟೆಗೆ ಕಾಗೆ ಗಲಾಟೆ ಕೇಳಿ ಓಡಿ ಬಂದರೆ ಗೂಡು ಹರಿದು ಹತ್ತಿ ನೆಲದಲ್ಲಿತ್ತು. ಸೂರಕ್ಕಿಗಳು ಸಂಜೆಯವರೆಗೂ ಅಲ್ಲೇ ಸುತ್ತಾಡಿದವು.

ಅತ್ತೆ ಬೈಯಲಿಲ್ಲ. ಕೈಯಲ್ಲಿ ತಡಕಿ ಆ ದಾರ ಬಿಚ್ಚಿದರು. "ಬಾಗಿಲಿಗೆ ಪರದೆ ಕಟ್ಟಿಕೊಂಡಿತ್ತು, ನೀನು ತೆಗೆದೆ" ಅಂದರು. ಆ ಫೋಟೋ ನನ್ನ ಹತ್ತಿರ ಇದೆ, ಯಾರಿಗೂ ತೋರಿಸಿಲ್ಲ. ಅವತ್ತಿನಿಂದ ಗೂಡಿನ ಹತ್ತಿರ ಕ್ಯಾಮೆರಾ ಒಯ್ಯುವುದಿಲ್ಲ. ಗುಂಪಿನಲ್ಲಿ ಯಾರಾದರೂ ಫೋನಿನಿಂದ ಹಕ್ಕಿ ದನಿ ಹಾಕಿ ಕರೆಸಲು ಹೋದರೆ ಬೇಡ ಅನ್ನುತ್ತೇನೆ. ಗೂಡು ಕಟ್ಟುವ ಕಾಲದಲ್ಲಿ ಹಕ್ಕಿಗೆ ಅದು ಹಾಡಲ್ಲ, ಮನೆಗೆ ನುಗ್ಗಿದ ಕಳ್ಳ. ಈ ಮಾತಿಗೆ ಒಂದಿಬ್ಬರು ನನ್ನ ಮೇಲೆ ಮುನಿಸಿಕೊಂಡರು. ಇರಲಿ.

ಅತ್ತೆಯ ಎರಡನೇ ಕಣ್ಣಿನ ಆಪರೇಷನ್ನಿಗೆ ಮೊದಲು ಒಂದು ಭಾನುವಾರ ಅವರನ್ನೂ ಕರೆದುಕೊಂಡು ಕೊಕ್ಕರೆ ಬೆಳ್ಳೂರಿಗೆ ಹೋದೆವು. ಅವರ ತವರಿನ ಕಡೆಯೇ. ಬೆಂಗಳೂರು ರಸ್ತೆಯಲ್ಲಿ ಮದ್ದೂರು ದಾಟಿ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ಹೆಸರೇ ಹೇಳುವ ಹಾಗೆ ಊರಿನೊಳಗೇ, ಮನೆಗಳ ನಡುವಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುತ್ತವೆ. ಚಳಿಗಾಲದಲ್ಲಿ ಬಂದು ಬೇಸಿಗೆ ಮುಗಿಯುವಷ್ಟರಲ್ಲಿ ಮರಿ ಹಾರಿಸಿಕೊಂಡು ಹೋಗುತ್ತವೆ. 2007ರಲ್ಲಿ ಇದನ್ನು ಸಮುದಾಯ ಮೀಸಲು ಪ್ರದೇಶ ಅಂತ ಘೋಷಿಸಿದರು. ಅದಕ್ಕೂ ಎಷ್ಟೋ ಮೊದಲಿಂದ ಊರಿನವರು ಇವುಗಳ ಜೊತೆ ಬದುಕಿದ್ದಾರೆ. ಹಕ್ಕಿ ಗೂಡಿರುವ ಮರದ ಹುಣಸೆ ಬಡಿಯುವುದಿಲ್ಲ. ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿ ಹಾಕಿದ ಒಂದು ಜಾಗದಲ್ಲಿಟ್ಟು ಮೀನು ಕೊಟ್ಟು ಸಾಕುತ್ತಾರೆ.

ನಾವು ಹೋದಾಗ ಬೆಳಗ್ಗೆ ಏಳೂವರೆ. ಒಂದು ಮನೆಯ ಜಗಲಿ ಮೇಲೆ ಕೂರಲು ಹೇಳಿದರು. ತಲೆಯ ಮೇಲೆ ಹುಣಸೆಮರ, ಮರದ ತುಂಬ ಮರಿಗಳ ಕಿರುಚಾಟ. ಹೆಜ್ಜಾರ್ಲೆ ಬಂದು ಇಳಿಯುವಾಗ ಕಂಬಳಿ ಕೊಡವಿದ ಹಾಗೆ ಸದ್ದು. ತಾಯಿ ಬಾಯಿ ತೆರೆದರೆ ಮರಿ ಕುತ್ತಿಗೆಯವರೆಗೂ ತಲೆಯನ್ನು ಅದರ ಚೀಲದೊಳಗೆ ತುರುಕುತ್ತದೆ. ನುಂಗಿಬಿಟ್ಟಿತೇನೋ ಅನ್ನಿಸಬೇಕು. ನನ್ನ ಸೀರೆ ಮೇಲೆ ಒಂದು ಮೀನು ಬಿತ್ತು, ಅರ್ಧ ಜೀರ್ಣವಾದದ್ದು. ಮನೆಯಾಕೆ ನಗುತ್ತಾ ನೀರು ತಂದುಕೊಟ್ಟರು. ಅಲ್ಲಿಗೆ ಹೋಗುವವರು ಟೋಪಿ ಮರೆಯಬೇಡಿ, ಒಳ್ಳೆಯ ಬಟ್ಟೆ ಹಾಕಿಕೊಳ್ಳಬೇಡಿ.

ರಂಗನತಿಟ್ಟಿಗೂ ಹೋದೆ. 1940ರಲ್ಲಿ ಪಕ್ಷಿಧಾಮ ಆದದ್ದು, ಪಕ್ಷಿತಜ್ಞ ಸಲೀಂ ಅಲಿಯವರು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ ಮೇಲೆ. 2022ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಮೊದಲ ಸಲ ಹಕ್ಕಿ ನೋಡುವವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ನನಗೆ ಭಾನುವಾರದ ದೋಣಿಯ ಗದ್ದಲ ಸಾಕಾಗಿದೆ. ವಾರದ ನಡುವೆ, ಮೊದಲ ದೋಣಿಗೇ ಹತ್ತಿ. ಪಟ್ಟೆತಲೆ ಹೆಬ್ಬಾತು ನೋಡಲು ನಂಜನಗೂಡು ಕಡೆಯ ಹದಿನಾರು ಕೆರೆಗೆ ಹೋದರೆ ಮಾರ್ಚ್ ಕೊನೆಗೆ ಒಂದೂ ಇರಲಿಲ್ಲ. ಹಿಮಾಲಯ ದಾಟಿ ಹೊರಟು ಹೋಗಿದ್ದವು. ಅವಕ್ಕೆ ಜನವರಿಯಲ್ಲೇ ಹೋಗಬೇಕು.

ಮನೆ ಹತ್ತಿರದ ಲಿಂಗಾಂಬುಧಿ ಕೆರೆಗೆ ಏಪ್ರಿಲ್‌ನಲ್ಲಿ ಮತ್ತೆ ಹೋಗತೊಡಗಿದಾಗ ನನ್ನ ನಡಿಗೆ ಬದಲಾಗಿತ್ತು. ಮೊದಲು ಇಡೀ ಸುತ್ತು ಹಾಕುತ್ತಿದ್ದೆ. ಈಗ ಒಂದೇ ಕಡೆ ನಲವತ್ತು ನಿಮಿಷ ಕೂರುತ್ತೇನೆ. ವಾಕಿಂಗ್ ಬಂದವರು ಹುಷಾರಿಲ್ವಾ ಮೇಡಂ ಅಂತ ಕೇಳುತ್ತಾರೆ. ಹಾಗೆ ಕೂತಾಗ ನೋಡಿದ್ದು, ಕೆಸರಿನಲ್ಲಿ ಬಾಲ ಕುಣಿಸುತ್ತಾ ಓಡಾಡುವ ಹಳದಿ ಕುಂಡೆಕುಸ್ಕ. ಡಿಸೆಂಬರ್‌ನಲ್ಲಿ ಇದೇ ವಲಸೆ ಹಕ್ಕಿ ಮಾಸಲು ಬಣ್ಣ. ಊರಿಗೆ ಹೊರಡುವ ಮೊದಲು ಹೊಸ ಗರಿ ಬಂದು ಹೊಟ್ಟೆಯೆಲ್ಲ ಅರಿಶಿನ ಬಳಿದ ಹಾಗೆ. ನಾಲ್ಕು ದಿನ ಬಿಟ್ಟು ಹೋದರೆ ಕೆಸರು ಖಾಲಿ.

ಹಿತ್ತಲಲ್ಲೂ ಹಾಗೇ ಆಯಿತು. ಲಂಟಾನದೊಳಗೆ ಎರಡು ಬೆಣಚುಕಲ್ಲು ತಟ್ಟಿದ ಹಾಗೆ ಚಕ್, ಚಕ್ ಅಂತ ಒಂದು ಸದ್ದು ನವೆಂಬರ್‌ನಿಂದ ಇತ್ತು. ಕಂದು ಬಣ್ಣದ ಉಲಿಯಕ್ಕಿ. ಬೇಲಿಯಿಂದ ಆಚೆ ಬರುವುದೇ ಅಪರೂಪ. ಏಪ್ರಿಲ್ ಕೊನೆಯ ವಾರ ಒಂದು ಬೆಳಗ್ಗೆ ಕಾಫಿ ಕುಡಿಯುವಾಗ ಅತ್ತೆ ಲೋಟ ಕೆಳಗಿಟ್ಟು, "ಆ ಕಲ್ಲು ಕುಟ್ಟೋದು ಇಲ್ಲವಲ್ಲೇ ಇವತ್ತು?" ಅಂದರು. ನಾನು ಗಮನಿಸಿಯೇ ಇರಲಿಲ್ಲ. ಪುಸ್ತಕದಲ್ಲಿ ಆ ತಾರೀಕು ಬರೆದುಕೊಂಡೆ. ಬಂದ ಹಕ್ಕಿಯನ್ನು ಬರೆಯುತ್ತಿದ್ದವಳು ಹೋದ ಹಕ್ಕಿಯನ್ನು ಬರೆದದ್ದು ಅದೇ ಮೊದಲು.

ಆ ಹೊತ್ತಿಗಾಗಲೇ ಸೂರಕ್ಕಿ ಮತ್ತೆ ಬಂದಿತ್ತು. ದಾಸವಾಳಕ್ಕಲ್ಲ. ಬಟ್ಟೆ ಒಣಹಾಕುವ ಹಗ್ಗದ ಒಂದು ತುದಿಯಲ್ಲಿ, ಸಜ್ಜಾದ ಕೆಳಗೆ, ಗಂಟಿನಿಂದ ಜೋತಾಡುತ್ತಿದ್ದ ಹುರಿಗೆ ಗೂಡು ಕಟ್ಟುತ್ತಿತ್ತು. ಅದೇ ಜೋಡಿಯೋ ಬೇರೆಯದೋ, ನಾನು ಅದೇ ಅಂದುಕೊಂಡಿದ್ದೇನೆ. ಹಗ್ಗಕ್ಕೆ ರಜೆ ಕೊಟ್ಟೆವು. ಬಟ್ಟೆಯೆಲ್ಲ ಟೆರೇಸಿಗೆ. ಬಕೆಟ್ ಹೊತ್ತು ಹದಿನೆಂಟು ಮೆಟ್ಟಿಲು ಹತ್ತುವಾಗ ಯಜಮಾನರು ದಿನಾ ಒಂದು ಮಾತು ಹೇಳುತ್ತಿದ್ದರು, ಅದನ್ನು ಇಲ್ಲಿ ಬರೆಯುವುದಿಲ್ಲ. ಕೆಲಸದಾಕೆಗೆ ಹಿತ್ತಲು ಗುಡಿಸುವ ಹೊತ್ತು ಬದಲಾಯಿಸಲು ಹೇಳಿದೆ. ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರ್ ಮೇಲೆ ದಿನ ಗುರುತು ಹಾಕುತ್ತಾ ಹೋದೆ. ಕಾವು ಕೂತದ್ದು ಸುಮಾರು ಹದಿನೈದು ದಿನ. ಒಳಗೆ ಕೂತ ತಾಯಿಯ ಕೊಕ್ಕು ಮಾತ್ರ ಬಾಗಿಲಿನಿಂದ ಆಚೆ ಕಾಣುತ್ತಿತ್ತು, ಬಾಗಿದ ಕಪ್ಪು ಸೂಜಿಯ ಹಾಗೆ.

ಭರಣಿ ಮಳೆ ಒಂದು ಸಂಜೆ ಜೋರಾಗಿ ಸುರಿಯಿತು. ಬೆಳಗ್ಗೆ ಖಾಲಿ ಸೈಟಿನಿಂದ ಈಚಲು ಹುಳ ಹೊಗೆಯ ಹಾಗೆ ಎದ್ದವು. ಕಾಜಾಣ, ಗೊರವಂಕ, ಕಾಗೆ, ಮೇಲೆ ಹದ್ದುಗಳು, ಎಲ್ಲರಿಗೂ ಹಬ್ಬ. ನನ್ನ ಜೀವ ಹಗ್ಗದ ಮೇಲಿತ್ತು. ಇಷ್ಟು ಕಾಗೆಗಳಲ್ಲಿ ಒಂದು ಈ ಕಡೆ ತಿರುಗಿದರೆ? ಒಂದೂ ತಿರುಗಲಿಲ್ಲ. ಮೇ ಹತ್ತರ ಹೊತ್ತಿಗೆ ಗೂಡಿನೊಳಗಿಂದ ಸಣ್ಣ ಸದ್ದು. ಆಗ ಮಾತ್ರ ಗಂಡಿಗೂ ಕೆಲಸ ಬಂತು. ಇಬ್ಬರೂ ಸಣ್ಣ ಹುಳ, ಜೇಡ ತಂದು ತಂದು ಕೊಟ್ಟವು. ಗೂಡು ಮರಿಗಳ ಭಾರಕ್ಕೆ ಜೋತು ಉದ್ದವಾಯಿತು.

ಅತ್ತೆಗೆ ಎರಡೂ ಕಣ್ಣು ಚೆನ್ನಾಗಿ ಕಾಣತೊಡಗಿತ್ತು. ಮೇ ಕೊನೆಯಲ್ಲಿ ಒಂದು ಬೆಳಗ್ಗೆ ಅವರೇ ನನ್ನನ್ನು ಕರೆದರು. ಒಂದು ಮರಿ ಗೂಡಿನ ಬಾಗಿಲಲ್ಲಿ ಅರ್ಧ ಆಚೆ, ಅರ್ಧ ಒಳಗೆ. ಎದುರು ಕರಿಬೇವಿನಲ್ಲಿ ತಂದೆ ತಾಯಿ ಕೂತು ಕರೆಯುತ್ತಿದ್ದವು. ಮರಿ ಧೊಪ್ಪನೆ ಹಗ್ಗದ ಮೇಲೆ ಬಿತ್ತು, ಉಯ್ಯಾಲೆ ಆಡಿತು, ಕರಿಬೇವಿಗೆ ಹಾರಿತು. ಎರಡನೆಯದು ಅರ್ಧ ಗಂಟೆ ಸತಾಯಿಸಿ ಹೊರಟಿತು. ನನ್ನ ಕೈಯಲ್ಲಿ ಕ್ಯಾಮೆರಾ ಇರಲಿಲ್ಲ, ಬೈನಾಕ್ಯುಲರ್ ಕೂಡ ಬೇಕಾಗಲಿಲ್ಲ.

ಅತ್ತೆ ಖಾಲಿ ಗೂಡನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಟೆರೇಸಿನ ಮೆಟ್ಟಿಲ ಕಡೆ ನೋಡಿದರು.

"ಇನ್ನು ಬಟ್ಟೆ ಇಲ್ಲೇ ಒಣಹಾಕಬಹುದೇನೇ? ಇಲ್ಲಾ ಇನ್ನೊಂದು ಬಾಣಂತನ ಐತಾ?"